ಶರತ್ಕಾಲದ ಹೆಣಿಗೆಯೂ ಮನೆವಾರ್ತೆಯೂ

ಭಾದ್ರಪದದ ಮಳೆ ಹಿಂದಾಗಿ ಆಶ್ವಯುಜವು ಕಾಲಿಟ್ಟಿತೆಂದರೆ ನಮ್ಮ ಮೈಸೂರು ಸೀಮೆಯ ಮನೆಗಳಲ್ಲಿ ಕೆಲಸವು ಇಮ್ಮಡಿಯಾಗುವುದು. ಅಟ್ಟದಿಂದ ಬೊಂಬೆಗಳ ಪೆಟ್ಟಿಗೆ ಇಳಿಯುವುದು. ಒಂಬತ್ತು ದಿನಗಳ ಪೂಜೆ, ಬಾಗಿನ, ಬಂದವರಿಗೆ ಅರಿಸಿನ ಕುಂಕುಮ ಇವುಗಳು ಮುಗಿದು ಬನ್ನಿ ಹಂಚುವ ಹೊತ್ತಿಗೆ ದೀಪಾವಳಿಯ ಎಣ್ಣೆನೀರಿನ ಸಿದ್ಧತೆಯು ಬಂದು ನಿಲ್ಲುವುದು. ಅದು ಕಳೆದರೆ ತುಳಸಿಯ ಪೂಜೆ. ಇಷ್ಟೆಲ್ಲದರ ನಡುವೆ ಬೆಳಗಿನ ಜಾವದ ಗಾಳಿಯು ಒಂದು ದಿನ ಥಟ್ಟನೆ ತಣ್ಣಗಾಗುತ್ತದೆ. ಆಗ ಗೃಹಿಣಿಯು ಮಕ್ಕಳ ಸ್ವೆಟರನ್ನು ಪೆಟ್ಟಿಗೆಯಿಂದ ತೆಗೆದು ನೋಡುತ್ತಾಳೆ. ಕಳೆದ ವರ್ಷ ಮಣಿಕಟ್ಟಿನವರೆಗೆ ಬರುತ್ತಿದ್ದ ತೋಳು ಈ ವರ್ಷ ಮೊಣಕೈಯಿಂದ ಸ್ವಲ್ಪವೇ ಕೆಳಗೆ ನಿಂತಿರುತ್ತದೆ. ಉಣ್ಣೆಯ ಉಂಡೆಯೂ ಕಡ್ಡಿಗಳೂ ಕೈಗೆ ಬರುವುದು ಆ ದಿನವೇ.

ಅಂಗಡಿಯಲ್ಲಿ ಬೇಕಾದಷ್ಟು ಸ್ವೆಟರುಗಳು ದೊರೆಯುವಾಗ ಈ ಶ್ರಮವೇತಕ್ಕೆಂದು ಕೆಲವರು ಕೇಳಬಹುದು. ಪಂಜಾಬಿನ ಲೂಧಿಯಾನದ ಯಂತ್ರಗಳು ದೇಶಕ್ಕೆಲ್ಲ ಉಣ್ಣೆಯ ಉಡುಪನ್ನು ಒದಗಿಸುತ್ತಿರುವುದು ನಿಜ. ಹೆಣೆಯುವ ಯಂತ್ರವೂ ಹೊಸದಲ್ಲ. ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು ೧೫೮೯ರಲ್ಲಿಯೇ ಕಾಲುಚೀಲ ಹೆಣೆಯುವ ಯಂತ್ರವೊಂದನ್ನು ಕಲ್ಪಿಸಿದನು. ಅಂದಿನಿಂದ ಇಂದಿನವರೆಗೆ ನಾಲ್ಕು ಶತಮಾನಗಳಿಗೂ ಮೀರಿದ ಕಾಲ ಯಂತ್ರವು ಹೆಣೆಯುತ್ತಲೇ ಇದೆ, ಹೆಂಗಸರ ಕೈಯೂ ಹೆಣೆಯುತ್ತಲೇ ಇದೆ. ಆದುದರಿಂದ ಕೇವಲ ಉಳಿತಾಯಕ್ಕಾಗಿ ಯಾರೂ ಕಡ್ಡಿ ಹಿಡಿಯುವುದಿಲ್ಲವೆಂದು ತಿಳಿಯಬೇಕು. ಒಳ್ಳೆಯ ಉಣ್ಣೆಯ ಬೆಲೆಯನ್ನು ಕೂಡಿಸಿದರೆ ಕೆಲವು ವೇಳೆ ಅಂಗಡಿಯ ಸ್ವೆಟರೇ ಅಗ್ಗವಾಗುವುದು. ನಮ್ಮವರ ಮೈಯಳತೆಗೆ ನಮ್ಮ ಕೈಯಿಂದಲೇ ಒಂದು ಬೆಚ್ಚನೆಯ ಉಡುಪನ್ನು ಮಾಡಿಕೊಡಬೇಕೆಂಬುದೇ ಇದರ ಮೂಲ. ಆದರೆ ಯಾರಿಗಾಗಿ ಹೆಣೆಯುತ್ತೇವೆಯೋ ಅವರನ್ನೇ ಆ ಹೆಣಿಗೆಯು ನಮ್ಮಿಂದ ದೂರಮಾಡುವ ಸಂದರ್ಭವೂ ಉಂಟು. ಅಂತಹ ಒಂದು ಸಂಗತಿಯು ನಮ್ಮ ಮನೆಯಲ್ಲಿಯೇ ನಡೆಯಿತಾಗಿ, ಅದನ್ನೂ ಅದರಿಂದ ನಾವು ಕಲಿತ ಕ್ರಮವನ್ನೂ ಇಲ್ಲಿ ನಿವೇದಿಸಬೇಕೆಂದಿದ್ದೇನೆ.

ನೆಯ್ಗೆಗೂ ಹೆಣಿಗೆಗೂ ಇರುವ ಭೇದವನ್ನು ಮೊದಲು ಗಮನಿಸೋಣ. ನಮ್ಮ ನಾಡಿನ ಉಣ್ಣೆಯ ಉಡುಪೆಂದರೆ ಮೊದಲಿನಿಂದಲೂ ಕಂಬಳಿ. ಚಿತ್ರದುರ್ಗ, ಬೆಳಗಾವಿ ಮೊದಲಾದ ಕಡೆಗಳಲ್ಲಿ ಕುರುಬರ ಹೆಂಗಸರು ದಖ್ಖನಿ ಕುರಿಯ ಒರಟು ಉಣ್ಣೆಯನ್ನು ನೂಲುವರು. ಆ ನೂಲಿಗೆ ಹುಣಿಸೆಬೀಜದ ಗಂಜಿ ಹಾಕಿ, ಮಗ್ಗಕ್ಕೇರಿಸಿ ನೆಯ್ಯುವರು. ಮಗ್ಗವು ಒಂದು ಸ್ಥಳದಲ್ಲಿ ನೆಲೆಯಾಗಿ ನಿಲ್ಲತಕ್ಕದ್ದು. ನೆಯ್ಯುವವನು ಅದರ ಬಳಿಗೆ ಹೋಗಿ ಕುಳಿತುಕೊಳ್ಳಬೇಕು. ಹೆಣಿಗೆಯಾದರೋ ಎರಡು ಕಡ್ಡಿ, ಒಂದು ಎಳೆ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನೆಳೆಯುತ್ತ ಹೋಗುವುದೇ ಅದರ ಸಮಸ್ತ ರಹಸ್ಯ. ಅದು ಕೈಚೀಲದಲ್ಲಿ ಹಿಡಿಯುತ್ತದೆ. ರೈಲಿನಲ್ಲಿಯೂ ವೈದ್ಯರ ಮನೆಯ ಬೆಂಚಿನ ಮೇಲೆಯೂ ನಡೆಯುತ್ತದೆ. ಹಿಮಾಚಲದ ಕುಲ್ಲೂ ಕಣಿವೆಯ ಕಡೆ ಹೆಂಗಸರು ಬೆಟ್ಟದ ಹಾದಿಯಲ್ಲಿ ನಡೆಯುತ್ತಲೇ ಹೆಣೆಯುವುದನ್ನು ಯಾತ್ರಿಕರು ಕಂಡಿರಬಹುದು.

ಬ್ರಿಟನ್ನಿನ ಉತ್ತರಕ್ಕಿರುವ ಷೆಟ್ಲೆಂಡ್ ದ್ವೀಪಗಳ ಹೆಂಗಸರದು ಇನ್ನೂ ಕಠಿನವಾದ ಕಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಒಲೆಗೆ ಬೇಕಾದ ಜೌಗುಮಣ್ಣಿನ ಹೆಂಟೆಗಳನ್ನು ಬುಟ್ಟಿಯಲ್ಲಿ ತುಂಬಿ ಬೆನ್ನಮೇಲೆ ಹೊತ್ತು, ಸೊಂಟಕ್ಕೆ ಕಟ್ಟಿದ ತೊಗಲಪಟ್ಟಿಯ ರಂಧ್ರಕ್ಕೆ ಕಡ್ಡಿಯ ತುದಿಯನ್ನು ಸಿಕ್ಕಿಸಿಕೊಂಡು, ದಾರಿಯುದ್ದಕ್ಕೂ ಹೆಣೆಯುತ್ತಿದ್ದರು. ಗಂಡಸರು ಮೀನು ಹಿಡಿಯಲು ಕಡಲಿಗೆ ಹೋದಾಗ ಹೊಲ, ಹಸು, ಮಕ್ಕಳು ಎಲ್ಲವೂ ಇವರ ಪಾಲಿಗೆ. ಹೆಣೆದ ಶಾಲು ಕಾಲುಚೀಲಗಳಿಗೆ ವರ್ತಕರು ಬಹುಮಟ್ಟಿಗೆ ನಗದು ಹಣ ಕೊಡದೆ, ಟೀ, ಬಟ್ಟೆ ಮುಂತಾದ ಸಾಮಾನನ್ನೇ ಕೊಡುತ್ತಿದ್ದರು. ಈ ಪದ್ಧತಿಯ ವಿಷಯವಾಗಿ ಸರಕಾರದ ವಿಚಾರಣೆ ನಡೆದು ೧೮೭೨ರಲ್ಲಿ ವರದಿಯಾಯಿತು. ಆ ತಾಯಂದಿರಿಗೆ ಹೆಣಿಗೆಯನ್ನು ಕೆಳಗಿಡುವ ಸ್ವಾತಂತ್ರ್ಯವಿರಲಿಲ್ಲ. ಅದು ಹೊಟ್ಟೆಯ ಪ್ರಶ್ನೆಯಾಗಿತ್ತು. ನಮ್ಮಲ್ಲಿ ಹೆಚ್ಚಿನವರಿಗೆ ಆ ಸ್ವಾತಂತ್ರ್ಯವಿದೆ. ಇದ್ದೂ ಅದನ್ನು ಉಪಯೋಗಿಸದೆ ಹೋದರೆ ದೋಷವು ನಮ್ಮದೇ ಅಲ್ಲವೆ?

ಈಗ ನನ್ನ ಸಂಗತಿಗೆ ಬರುತ್ತೇನೆ. ೨೦೧೯ನೆಯ ಇಸವಿಯ ನವರಾತ್ರಿಯ ವೇಳೆಗೆ ನಾನು ಐದು ಹೆಣಿಗೆಗಳನ್ನು ಒಪ್ಪಿಕೊಂಡಿದ್ದೆ. ನಾದಿನಿಯ ಹಸುಗೂಸಿಗೆ ಟೋಪಿ ಮತ್ತು ಕಾಲುಚೀಲ, ನಮ್ಮ ಯಜಮಾನರಿಗೆ ತೋಳಿಲ್ಲದ ಸ್ವೆಟರು, ನೆರೆಮನೆಯವರ ಮಗಳಿಗೊಂದು, ಒಂಬತ್ತು ವರ್ಷದ ನನ್ನ ಮಗನಿಗೊಂದು, ಇವುಗಳ ಮೇಲೆ ನಮ್ಮ ಅತ್ತೆಯವರಿಗೆ ಜಾಲರಿಯ ಕುಸುರಿಯುಳ್ಳ ಒಂದು ಶಾಲು. ಈ ಶಾಲಿನ ನಮೂನೆಯು ೨೪ ಸಾಲುಗಳಿಗೊಮ್ಮೆ ಮರಳಿ ಬರತಕ್ಕದ್ದು. ಒಂದೊಂದು ಸಾಲಿನಲ್ಲಿಯೂ ಎಲ್ಲಿ ಎರಡು ಕುಣಿಕೆಗಳನ್ನು ಕೂಡಿಸಬೇಕು, ಎಲ್ಲಿ ಎಳೆಯನ್ನು ಕಡ್ಡಿಗೆ ಸುತ್ತಿ ರಂಧ್ರವನ್ನು ಬಿಡಬೇಕು ಎಂಬುದನ್ನು ಎಣಿಸುತ್ತಲೇ ಇರಬೇಕು. ಎಣಿಕೆ ತಪ್ಪಿತೋ, ನಾಲ್ಕು ಸಾಲು ಬಿಚ್ಚಬೇಕು. ಆದಕಾರಣ ನಾನು ಹೆಣೆಯುವಾಗ ಯಾರಾದರೂ ಮಾತನಾಡಿಸಿದರೆ ತಲೆಯೆತ್ತದೆ ಒಂದು ಬೆರಳನ್ನು ಮೇಲೆತ್ತುತ್ತಿದ್ದೆ. ತಾಳು, ಎಣಿಸುತ್ತಿದ್ದೇನೆಂಬುದು ಅದರ ಅರ್ಥ. ಮನೆಯವರೆಲ್ಲರಿಗೂ ಆ ಬೆರಳಿನ ಭಾಷೆ ರೂಢಿಯಾಗಿಬಿಟ್ಟಿತ್ತು.

ದಸರೆಯ ರಜೆ ಕಳೆದು ಶಾಲೆ ಪ್ರಾರಂಭವಾದ ಮೇಲೆ ಮಗನು ಸಾಯಂಕಾಲ ಬಂದು ನನ್ನ ಎದುರಿಗೆ ನಿಲ್ಲುವನು. “ಅಮ್ಮಾ, ಒಂದು ವಿಷಯ” ಎನ್ನುವನು. ಬೆರಳು ಮೇಲೇಳುವುದು. ಸ್ವಲ್ಪ ಹೊತ್ತು ನಿಂತು ಆಟಕ್ಕೆ ಹೋಗುವನು. ಸಾಲು ಮುಗಿದ ಮೇಲೆ ಕರೆದು ಕೇಳಬೇಕೆಂದುಕೊಳ್ಳುವೆನು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುವುದು, ಇಲ್ಲವೆ ಮುಂದಿನ ಸಾಲು ಕೈಗೆ ಬರುವುದು. ಹೀಗೆ ಮೂರು ಸಲವಾದರೂ ಆಗಿರಬೇಕು. ಕೊನೆಯ ಸಲ ನಾನೇ ಕಡ್ಡಿಯನ್ನಿಳಿಸಿ “ಏನು ಮಗೂ?” ಎಂದು ಕೇಳಿದರೆ “ಏನೂ ಇಲ್ಲ ಬಿಡಮ್ಮಾ” ಎಂದು ಹೊರಟುಹೋದನು.

ದೀಪಾವಳಿ ಕಳೆದ ಮೇಲೆ ಅವನ ಉಪಾಧ್ಯಾಯಿನಿಯವರಿಂದ ಕರೆ ಬಂದಿತು. ಹುಡುಗನು ಲೆಕ್ಕವನ್ನು ತಾನಾಗಿ ಬರೆದುಕೊಳ್ಳದೆ ಪಕ್ಕದವನ ಪುಸ್ತಕವನ್ನು ನೋಡಿ ಬರೆಯುತ್ತಾನೆ, ಕೇಳಿದರೆ ತಲೆತಗ್ಗಿಸಿ ನಿಲ್ಲುತ್ತಾನೆ, ಇದಕ್ಕಾಗಿ ಎರಡು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದಾಯಿತು ಎಂದು ಅವರು ಹೇಳಿದರು. ಮನೆಗೆ ಬಂದು ಅವನನ್ನು ಮಡಿಲ ಬಳಿ ಕೂರಿಸಿಕೊಂಡು ವಿಚಾರಿಸಿದೆ. ಕಪ್ಪುಹಲಗೆಯ ಅಕ್ಷರಗಳು ಅವನಿಗೆ ಮಸಕಾಗಿ ಕಾಣುತ್ತಿದ್ದುವು. ರಜೆಗೆ ಮೊದಲೂ ಹಾಗೆಯೇ ಇತ್ತಂತೆ. ನೇತ್ರವೈದ್ಯರು ಪರೀಕ್ಷಿಸಿ, ಎರಡು ಕಣ್ಣುಗಳಿಗೂ ಸಮೀಪದೃಷ್ಟಿಯಿದೆ, ಕನ್ನಡಕ ಹಾಕಿದರೆ ಸಾಕು ಎಂದರು. ಖಾಯಿಲೆಯೇನೂ ದೊಡ್ಡದಲ್ಲ. ಆದರೆ “ನನಗೇಕೆ ಹೇಳಲಿಲ್ಲ ಮಗೂ?” ಎಂದು ದಾರಿಯಲ್ಲಿ ಕೇಳಿದಾಗ ಅವನು ಯಾವ ಕೋಪವೂ ಇಲ್ಲದೆ “ನೀನು ಎಣಿಸುತ್ತಿದ್ದೆಯಲ್ಲಮ್ಮಾ” ಎಂದನು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಆ ರಾತ್ರಿ ಶಾಲನ್ನೂ ಕಡ್ಡಿಗಳನ್ನೂ ಒಂದು ಗಂಟುಕಟ್ಟಿ ಅಟ್ಟಕ್ಕೆ ಹಾಕಲು ಹೊರಟೆ. ನಮ್ಮ ಯಜಮಾನರು “ಅದೇ ಒಳ್ಳೆಯದು, ಇನ್ನು ಆ ಗೀಳು ಸಾಕು” ಎಂದರು. ಅತ್ತೆಯವರು ಜಪದ ಮಣೆಯ ಮೇಲಿದ್ದವರು ಎದ್ದುಬಂದು ಮೊದಲು ಮಗನ ಕಡೆಗೇ ತಿರುಗಿದರು. “ಮಗು ನಿನ್ನ ಹತ್ತಿರವೂ ಬರಬಹುದಾಗಿತ್ತಲ್ಲಪ್ಪಾ. ಅವಳ ಕೈಯಲ್ಲಿ ಕಡ್ಡಿಯಿತ್ತು, ನಿನ್ನ ಕೈಯಲ್ಲಿ ಆ ಫೋನಿತ್ತು. ಅವಳದರಿಂದ ಯಾರಿಗಾದರೂ ಒಂದು ಸ್ವೆಟರಾದರೂ ಆಗುತ್ತದೆ” ಎಂದರು. ಆಮೇಲೆ ನನ್ನನ್ನು ಕುರಿತು “ನೋಡಮ್ಮಾ, ಕೆಲಸವನ್ನು ಬಿಡಬೇಡ. ಬಿಟ್ಟರೆ ಇನ್ನೊಂದು ಬಂದು ಆ ಜಾಗದಲ್ಲಿ ಕೂರುತ್ತದೆ. ಎಣಿಸುವ ಕೆಲಸ ಬೇರೆ, ಎಣಿಸದ ಕೆಲಸ ಬೇರೆ. ಮನೆಯವರ ಎದುರಿಗೆ ಎಣಿಸದ ಕೆಲಸವನ್ನು ಇಟ್ಟುಕೊ” ಎಂದರು. ತಮ್ಮ ಪ್ರಾಯದಲ್ಲಿ ಅವರೂ ಹೆಣೆದವರೇ; ಈಗ ಕಣ್ಣು ಮಂಜಾಗಿ ಬಿಟ್ಟಿದ್ದಾರೆ. ಅವರು ಅಂದು ಹೇಳಿದ ಈ ಸೂತ್ರವನ್ನೇ ಆಧಾರಮಾಡಿಕೊಂಡು ಅಲ್ಲಿಂದ ಮುಂದಿನ ಪ್ರತಿಯೊಂದು ಶರತ್ಕಾಲದಲ್ಲಿಯೂ ನಮ್ಮ ಮನೆಯ ಹೆಣಿಗೆ ನಡೆಯುತ್ತಿದೆ.

ಎಣಿಸದ ಕೆಲಸವೆಂದರೆ ಯಾವುದು? ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೋಗತಕ್ಕ ಸ್ವೆಟರಿನ ಬೆನ್ನಿನ ಭಾಗ, ಎರಡೂ ಕಡೆ ಸೀದಾ ಹೆಣೆಯುವ ಕುತ್ತಿಗೆವಸ್ತ್ರ, ಟೋಪಿಯ ನಡುಭಾಗ. ಇವುಗಳಲ್ಲಿ ಕೈ ತಾನಾಗಿ ನಡೆಯುವುದು, ಕಣ್ಣು ಎದುರಿಗಿರುವವರ ಮುಖವನ್ನು ನೋಡಬಹುದು, ಕಿವಿ ಮಗ್ಗಿಯನ್ನು ಒಪ್ಪಿಸಿಕೊಳ್ಳಬಹುದು. ತೋಳಿನ ಸಂದು, ಕುತ್ತಿಗೆಯ ಇಳಿತ, ಬಣ್ಣಬಣ್ಣದ ಚಿತ್ರ, ಜಾಲರಿಯ ಕುಸುರಿ ಇವೆಲ್ಲ ಎಣಿಸುವ ಕೆಲಸಗಳು. ಇವುಗಳಿಗೆ ಮಧ್ಯಾಹ್ನ ಮಕ್ಕಳು ಶಾಲೆಗೆ ಹೋದಾಗಿನ ಹೊತ್ತೋ, ಉದ್ಯೋಗಸ್ಥೆಯಾದರೆ ಭಾನುವಾರದ ಒಂದು ಗಂಟೆಯೋ ಮೀಸಲಾಗಿರಬೇಕು. ಆ ಒಂದು ಗಂಟೆಯಲ್ಲಿ ತಾಯಿಯನ್ನು ಕರೆಯಬಾರದೆಂಬುದನ್ನು ಮನೆಯವರೂ ಒಪ್ಪಬೇಕು. ಏಕೆಂದರೆ ಸದಾ ಕರೆಗೆ ಕಾದಿರುವವಳಿಗೆ ಒಂದು ಗಂಟೆಯಾದರೂ ತನ್ನದಾಗಿರುವುದು ನ್ಯಾಯ. ನಮ್ಮ ಮನೆಯಲ್ಲಿ ಆ ಗಂಟೆಯನ್ನು ಕಾಯುವ ಹೊಣೆ ಯಜಮಾನರದು. ಬಾಗಿಲ ಕರೆಗಂಟೆಗೂ ಅವರೇ ಏಳುವರು.

ಎಣಿಸುವ ಕೆಲಸದಲ್ಲಿಯೂ ಎಣಿಕೆಯನ್ನು ತಲೆಯಲ್ಲಿಟ್ಟುಕೊಳ್ಳಬೇಕಾದುದಿಲ್ಲ. ಇಪ್ಪತ್ತು ಕುಣಿಕೆಗಳಿಗೊಂದರಂತೆ ಬೇರೆ ಬಣ್ಣದ ಎಳೆಯ ಸಣ್ಣ ಉಂಗುರವನ್ನು ಕಡ್ಡಿಗೆ ಹಾಕಿಕೊಂಡರೆ ತಪ್ಪು ಎಲ್ಲಿ ಆಯಿತೆಂಬುದು ಕೂಡಲೇ ತಿಳಿಯುವುದು. ಪ್ರತಿ ಸಾಲು ಮುಗಿದಂತೆಲ್ಲ ಕಾಗದದ ಮೇಲೆ ಒಂದು ಗೀಟು ಹಾಕಬೇಕು. ನಮೂನೆಯ ಒಂದು ಆವರ್ತ ಮುಗಿದ ಸಾಲಿನ ಎಲ್ಲ ಕುಣಿಕೆಗಳೊಳಗಿಂದ ದಬ್ಬಣದಿಂದ ಒಂದು ಹತ್ತಿಯ ದಾರವನ್ನು ಹಾಯಿಸಿ ಬಿಟ್ಟಿದ್ದರೆ, ಮುಂದೆ ಏನೇ ತಪ್ಪಾದರೂ ಆ ದಾರದವರೆಗೆ ಮಾತ್ರ ಬಿಚ್ಚಿದರಾಯಿತು. ಇಷ್ಟು ಮಾಡಿಕೊಂಡವಳು ಸಾಲಿನ ನಡುವೆಯೇ ಕಡ್ಡಿಯನ್ನಿಳಿಸಿ ಮಗುವಿನ ಮಾತಿಗೆ ಕಿವಿಗೊಡಬಲ್ಲಳು. ಬೆರಳನ್ನೆತ್ತುವ ಪ್ರಮೇಯವೇ ಬರುವುದಿಲ್ಲ.

ಎರಡನೆಯ ವಿಷಯವು ಲೆಕ್ಕಾಚಾರ. ನಾವು ಹೆಣಿಗೆಯನ್ನು ಒಪ್ಪಿಕೊಳ್ಳುವಾಗ ಉಣ್ಣೆಯ ಬೆಲೆಯನ್ನು ಕೇಳುತ್ತೇವೆಯೇ ಹೊರತು ಗಂಟೆಗಳ ಬೆಲೆಯನ್ನು ಕೇಳುವುದಿಲ್ಲ. ಒಂದು ಉದಾಹರಣೆಯನ್ನು ನೋಡಿರಿ. ಒಂಬತ್ತು ವರ್ಷದ ಹುಡುಗನ ಸ್ವೆಟರಿಗೆ ಸುತ್ತಳತೆ ೩೦ ಅಂಗುಲವಿರಲಿ. ಅಂಗುಲಕ್ಕೆ ೫ ಕುಣಿಕೆಗಳಂತೆ ಸುತ್ತಲೂ ೧೫೦ ಕುಣಿಕೆಗಳು. ಎತ್ತರದಲ್ಲಿ ಅಂಗುಲಕ್ಕೆ ೭ ಸಾಲು. ಕಂಕುಳಿನವರೆಗೆ ೧೧ ಅಂಗುಲವೆಂದರೆ ೭೭ ಸಾಲು, ೧೧,೫೫೦ ಕುಣಿಕೆ. ಅಲ್ಲಿಂದ ಹೆಗಲಿನವರೆಗೆ ಸುಮಾರು ೬,೩೦೦. ತೋಳೊಂದಕ್ಕೆ ಸರಾಸರಿ ೫೦ ಕುಣಿಕೆಗಳಂತೆ ೯೧ ಸಾಲು, ಎರಡಕ್ಕೂ ೯,೧೦೦. ಒಟ್ಟು ಸುಮಾರು ೨೭,೦೦೦ ಕುಣಿಕೆಗಳಾದುವು. ನನ್ನ ಕೈಗೆ ನಿಮಿಷಕ್ಕೆ ೨೫ ಕುಣಿಕೆ ಸಾಗುವುದರಿಂದ ೧೮ ಗಂಟೆ. ಕೂಡಿಸಿ ಹೊಲಿಯುವುದು, ಕುತ್ತಿಗೆಯ ಪಟ್ಟಿ, ತಪ್ಪಿದುದನ್ನು ಬಿಚ್ಚುವುದು ಇವುಗಳಿಗೆ ಇನ್ನು ನಾಲ್ಕು. ದಿನಕ್ಕೊಂದು ಗಂಟೆ ಬಿಡುವಾದರೆ ೨೨ ದಿನ. ಆದರೆ ನವರಾತ್ರಿಯಲ್ಲಿಯೂ ದೀಪಾವಳಿಯಲ್ಲಿಯೂ ದಿನಕ್ಕೊಂದು ಗಂಟೆ ಯಾವ ಗೃಹಿಣಿಗೆ ದೊರೆಯುತ್ತದೆ? ಆದುದರಿಂದ ಒಂದು ಸ್ವೆಟರಿಗೆ ಐದು ವಾರವೆಂದು ಎಣಿಸುವುದೇ ಕ್ಷೇಮ. ಈ ಲೆಕ್ಕವನ್ನು ನಾನು ೨೦೧೯ರಲ್ಲಿಯೇ ಮಾಡಿದ್ದರೆ ಐದು ಕೆಲಸಗಳನ್ನು ಖಂಡಿತವಾಗಿಯೂ ಒಪ್ಪಿಕೊಳ್ಳುತ್ತಿರಲಿಲ್ಲ.

ಈಗ ನಮ್ಮ ನಿಯಮವಿದು: ಒಂದು ಶರತ್ಕಾಲಕ್ಕೆ ಒಂದು ದೊಡ್ಡ ಕೆಲಸ, ಒಂದು ಸಣ್ಣ ಕೆಲಸ. ದೊಡ್ಡದನ್ನು ಗೌರಿಹಬ್ಬದ ಗಡಿಬಿಡಿ ಮುಗಿದೊಡನೆ ಪ್ರಾರಂಭಿಸಿ, ಪಿತೃಪಕ್ಷದ ಹದಿನೈದು ದಿನಗಳಲ್ಲಿ ಬೆನ್ನಿನ ಭಾಗವನ್ನು ಮುಗಿಸಿಕೊಳ್ಳುವುದು. ನವರಾತ್ರಿಯಲ್ಲಿ ಕಡ್ಡಿಗೆ ವಿಶ್ರಾಂತಿ. ಆಯುಧಪೂಜೆಯ ದಿನ ಅದೂ ಕತ್ತರಿ, ಹೊಲಿಗೆಯಂತ್ರಗಳ ಜೊತೆಗೆ ಕುಂಕುಮವನ್ನಿಡಿಸಿಕೊಂಡು ಕೂರುವುದು. ವಿಜಯದಶಮಿಯಿಂದ ದೀಪಾವಳಿಯವರೆಗೆ ತೋಳುಗಳು. ತುಳಸಿಯ ಹಬ್ಬದ ಹೊತ್ತಿಗೆ ಕೂಡಿಸಿ ಹೊಲಿಯುವುದು. ನಿಜವಾದ ಚಳಿಯು ನಮ್ಮ ಸೀಮೆಗೆ ಬರುವುದು ಮಾರ್ಗಶಿರದಲ್ಲಿಯಾದುದರಿಂದ ಒಂದು ವಾರ ತಡವಾದರೂ ಚಿಂತೆಯಿಲ್ಲ. ಯಾರಾದರೂ ನಡುವೆ ಬಂದು ಕೇಳಿದರೆ “ಮುಂದಿನ ವರ್ಷದ ಸರದಿಗೆ ಬರೆದುಕೊಳ್ಳುತ್ತೇನೆ” ಎಂದು ನಗುತ್ತಲೇ ಹೇಳಬಹುದು. ಇದರಿಂದ ಯಾರೂ ಮುನಿಸಿಕೊಂಡುದನ್ನು ನಾನು ಕಾಣೆ.

ಕೆಲಸ ಕಡಮೆಯಾಗಬೇಕಾದರೆ ಬಿಚ್ಚುವ ಪ್ರಸಂಗವೂ ಕಡಮೆಯಾಗಬೇಕು. ಪ್ರಾರಂಭಿಸುವುದಕ್ಕೆ ಮೊದಲು ನಾಲ್ಕಂಗುಲದ ಒಂದು ಚೌಕವನ್ನು ಹೆಣೆದು, ಒಗೆದು, ಒಣಗಿಸಿ ಅಳೆಯಬೇಕು. ಅಂಗುಲಕ್ಕೆ ೫ ಕುಣಿಕೆಯೆಂದುಕೊಂಡುದು ಐದೂವರೆಯಾಗಿದ್ದರೆ ಅದೇ ೧೫೦ ಕುಣಿಕೆಗಳ ಸ್ವೆಟರು ೩೦ ಅಂಗುಲಕ್ಕೆ ಬದಲಾಗಿ ೨೭ಕ್ಕೆ ನಿಲ್ಲುವುದು. ಐದು ವಾರದ ಶ್ರಮವು ತಮ್ಮನ ಪಾಲಾಗುವುದು. ಉಣ್ಣೆಯನ್ನು ಒಂದೇ ಸಲ, ಒಂದೇ ಬಾರಿ ಬಣ್ಣಕಟ್ಟಿದ ಕಟ್ಟಿನಿಂದಲೇ ಕೊಳ್ಳಬೇಕು. ಬೇರೆ ಸಲದ ಬಣ್ಣದಲ್ಲಿ ಸೂಕ್ಷ್ಮವಾದ ಭೇದವಿದ್ದು, ಬಿಸಿಲಿಗೆ ಬಂದಾಗ ತೋಳೊಂದು ಬಣ್ಣ, ಬೆನ್ನೊಂದು ಬಣ್ಣವಾಗಿ ಕಾಣುವುದು.

ಉಣ್ಣೆಯೋ ಅಕ್ರಿಲಿಕ್ಕೋ ಎಂಬುದು ಇನ್ನೊಂದು ಪ್ರಶ್ನೆ. ಅಕ್ರಿಲಿಕ್ ನೂಲು ಅಗ್ಗ, ಯಂತ್ರದಲ್ಲಿ ಒಗೆಯಲು ಸುಲಭ, ಹುಳು ಹಿಡಿಯುವುದಿಲ್ಲ. ಆದರೆ ಬೆಂಕಿ ತಾಗಿದರೆ ಕರಗಿ ಮೈಗಂಟುವ ಗುಣ ಅದಕ್ಕಿದೆ. ಒಲೆಯ ಮುಂದೆ ನಿಲ್ಲುವವರೂ ದೀಪಾವಳಿಯಲ್ಲಿ ಪಟಾಕಿಯ ಬಳಿ ಓಡಾಡುವ ಮಕ್ಕಳೂ ಅದನ್ನು ತೊಡಬಾರದು. ಉಣ್ಣೆಯು ಬೇಗನೆ ಹೊತ್ತಿಕೊಳ್ಳುವುದಿಲ್ಲ. ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಹೀರಿಕೊಂಡರೂ ಒದ್ದೆಯೆಂದು ತೋರುವುದಿಲ್ಲ. ಆದರೆ ಅದರ ಎಳೆಯ ಮೇಲೆ ಕಣ್ಣಿಗೆ ಕಾಣದ ಹುರುಪೆಗಳಿರುವುದರಿಂದ, ಬಿಸಿನೀರಿನಲ್ಲಿ ಹಾಕಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆಯು ಕುಗ್ಗಿಬಿಡುವುದು. ತಣ್ಣೀರಿನಲ್ಲಿ ಮೆಲ್ಲಗೆ ಅದುಮಿ ತೊಳೆದು, ಹಿಂಡದೆ, ನೆರಳಿನಲ್ಲಿ ಹಾಸಿ ಒಣಗಿಸತಕ್ಕದ್ದು. ಚಳಿಗಾಲ ಕಳೆದು ಎತ್ತಿಡುವಾಗ ಬೆವರಿನ ಕೊಳೆಯಿರಬಾರದು. ನುಸಿಹುಳುವು ಮೊದಲು ಅರಸುವುದು ಕೊಳೆಯಾದ ಉಣ್ಣೆಯನ್ನೇ. ಕೂಸುಗಳ ಉಡುಪಿನಲ್ಲಿ ಬೆರಳು ಸಿಕ್ಕಿಕೊಳ್ಳುವಂತಹ ಜಾಲರಿಯನ್ನೂ ಸಡಿಲವಾದ ಗುಂಡಿಗಳನ್ನೂ ಬಿಡಬೇಕು. ಕಡ್ಡಿಗಳು ಅಂಬೆಗಾಲಿಡುವ ಮಕ್ಕಳ ಕೈಗೆಟುಕುವ ಕಡೆ ಎಂದಿಗೂ ಇರಬಾರದು.

ಹೆಣಿಗೆಯು ಒಬ್ಬಳದೇ ಕೆಲಸವಾಗಿರಬೇಕೆಂಬ ನಿಯಮವೇನೂ ಇಲ್ಲ. ಹಿಂದಿನ ಕಾಲದ ಯೂರೋಪಿನ ಹೆಣಿಗೆಯ ಕಸುಬುದಾರರ ಸಂಘಗಳಲ್ಲಿ ಗಂಡಸರೇ ಇದ್ದರು. ನಮ್ಮ ಮನೆಯಲ್ಲಿ ಉಣ್ಣೆಯ ಲಡಿಯನ್ನು ಎರಡು ಕೈಗಳಿಗೆ ಹಾಕಿಕೊಂಡು ನಿಲ್ಲುವವರು ಯಜಮಾನರು. ಅದನ್ನು ಉಂಡೆಸುತ್ತುವವನು ಮಗ. ಕೈಗಳೆರಡೂ ಲಡಿಯಲ್ಲಿ ಸಿಕ್ಕಿಕೊಂಡವರು ಫೋನನ್ನು ಹಿಡಿಯಲಾರರು. ಆ ಕಾಲುಗಂಟೆಯಲ್ಲಿ ತಂದೆಮಕ್ಕಳು ಆಡಿಕೊಂಡ ಮಾತುಗಳು ಇಡೀ ವಾರದಲ್ಲಿ ಆಡಿದುವುಗಳಿಗಿಂತ ಹೆಚ್ಚೆಂದು ನನ್ನ ಎಣಿಕೆ. ಕಾಗದದ ಮೇಲೆ ಸಾಲಿನ ಗೀಟು ಹಾಕುವ ಅಧಿಕಾರವನ್ನು ಅತ್ತೆಯವರು ವಹಿಸಿಕೊಂಡರು. ಕಣ್ಣು ಮಂಜಾಗಿದ್ದರೂ ದಪ್ಪ ಗೀಟು ಅವರಿಗೆ ಕಾಣುತ್ತದೆ. ಮಗನೂ ಮರುವರ್ಷ ಸೀದಾ ಹೆಣಿಗೆಯನ್ನು ಕಲಿತನು. ಮೊದಲ ದಿನ ಇಪ್ಪತ್ತು ಕುಣಿಕೆಗಳಿಂದ ಪ್ರಾರಂಭಿಸಿದ ಪಟ್ಟಿಯು ಹತ್ತನೆಯ ಸಾಲಿಗೆ ಇಪ್ಪತ್ತೇಳಾಗಿತ್ತು. ಅದನ್ನು ಬಿಚ್ಚಿಸಲಿಲ್ಲ, ಅಜ್ಜಿಯ ಜಪಮಣಿಗೆ ಅದೇ ಚೀಲವಾಯಿತು.

ಶಾಲಿನ ವಿಷಯವನ್ನು ಹೇಳಿ ಮುಗಿಸುತ್ತೇನೆ. ಆ ವರ್ಷ ಅದು ಮುಗಿಯಲಿಲ್ಲ. ಗಂಟನ್ನು ಅಟ್ಟಕ್ಕೆ ಹಾಕದೆ ಕಪಾಟಿನಲ್ಲಿಟ್ಟು, ಮಧ್ಯಾಹ್ನದ ಆ ಒಂದು ಗಂಟೆಯಲ್ಲಿ ಮಾತ್ರ ತೆಗೆದು ಹೆಣೆದುದರಿಂದ ಅದಕ್ಕೆ ಎರಡು ಶರತ್ಕಾಲಗಳು ಹಿಡಿದುವು. ಎರಡನೆಯ ವರ್ಷದ ಮಾರ್ಗಶಿರದಲ್ಲಿ ಒಂದು ಬೆಳಗ್ಗೆ ಅತ್ತೆಯವರಿಗೆ ಅದನ್ನು ಹೊದಿಸಿದೆ. ಅವರು ಬೆರಳಿನಿಂದ ಅಂಚನ್ನು ತಡವಿಕೊಂಡು, ನಡುವೆ ಒಂದು ಕಡೆ ನಿಲ್ಲಿಸಿ “ಇಲ್ಲಿ ಎಣಿಕೆ ತಪ್ಪಿದೆಯಲ್ಲಮ್ಮಾ?” ಎಂದರು. ಹೌದು, ತಪ್ಪಿತ್ತು. ರಜೆಯ ಒಂದು ಮಧ್ಯಾಹ್ನ ಮಗನು ಕನ್ನಡಕವನ್ನು ಒರೆಸಿಕೊಳ್ಳುತ್ತ ಬಂದು “ಅಮ್ಮಾ, ಒಂದು ವಿಷಯ” ಎಂದಿದ್ದನು. ನಾನು ಕಡ್ಡಿಯನ್ನಿಳಿಸಿದ್ದೆ. ಅತ್ತೆಯವರಿಗೆ ಹಾಗೆಂದು ಹೇಳಿದೆ. ಅವರು ಆ ಜಾಗವನ್ನೇ ಹೆಗಲಿನ ಮೇಲಕ್ಕೆ ಬರುವಂತೆ ಶಾಲನ್ನು ಸರಿಮಾಡಿಕೊಂಡು ಕಾಫಿಗೆ ಕೈಚಾಚಿದರು.